ಮಿಲ್ಟ್ರಿಯವರಿಗೆ ನಾನು ಬರೆದ ಬಿನ್ನವತ್ತಳೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಆದರೆ ತುರುವೇಕೆರೆಯಲ್ಲಿ ಜನ ನನ್ನನ್ನು ಗುರುತಿಸುವುದು ಪಾಠದಿಂದಲ್ಲ, ಬಿನ್ನವತ್ತಳೆಯಿಂದ. ಊರಲ್ಲಿ ಯಾರಾದರೂ ನಿವೃತ್ತರಾಗಲಿ, ಯಾರಿಗಾದರೂ ವರ್ಗವಾಗಲಿ, ಅರವತ್ತು ತುಂಬಲಿ, ಸನ್ಮಾನ ಮಾಡುವವರು ಶಾಲು, ಹಾರ, ಹಣ್ಣಿನ ಬುಟ್ಟಿಗೆ ಹೇಳಿ ಸೀದಾ ನಮ್ಮ ಮನೆಗೆ ಬರುತ್ತಾರೆ. "ಮೇಷ್ಟ್ರೇ, ಒಂದು ಪುಟ ಬರ್ಕೊಡಿ, ಕಟ್ಟು ಹಾಕಿಸಿ ಕೊಡ್ಬೇಕು" ಎನ್ನುತ್ತಾರೆ. ನಾನು ಆಗಲ್ಲ ಎಂದು ಒಂದು ಸಲ ಅನ್ನುತ್ತೇನೆ. ಎರಡನೆಯ ಸಲ ಕೇಳುವ ಹೊತ್ತಿಗೆ ಪೆನ್ನು ಕೈಯಲ್ಲಿರುತ್ತದೆ.

ಲೈನ್‌ಮನ್ ಒಬ್ಬರಿಗೆ "ಕತ್ತಲೆಯ ಊರಿಗೆ ಬೆಳಕಿನ ಹೆಗಲು ಕೊಟ್ಟವರೇ" ಎಂದು ಬರೆದಿದ್ದೆ. ಆತ ಜನ್ಮದಲ್ಲಿ ಫೋನ್ ಎತ್ತಿದವರಲ್ಲ. ಪಶುವೈದ್ಯರೊಬ್ಬರಿಗೆ "ಮೂಕಜೀವಿಗಳ ಮಾತು ಬಲ್ಲವರೇ" ಎಂದು ಬರೆದಿದ್ದೆ. ಅವರು ಹಸುವಿನ ಹತ್ತಿರ ಹೋಗಲು ಹೆದರಿ, ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಔಷಧಿ ಬರೆದುಕೊಡುತ್ತಿದ್ದರು. ಓದಿದಾಗ ಯಾರೂ ನಗಲಿಲ್ಲ. ಬಿನ್ನವತ್ತಳೆಯನ್ನು ಯಾರೂ ನಿಜವೆಂದು ಕೇಳುವುದಿಲ್ಲ, ಆದ್ದರಿಂದ ಅದು ಸುಳ್ಳೂ ಅಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಕಳೆದ ವರ್ಷದ ಬೇಸಿಗೆಯವರೆಗೂ ಆ ಸಮಾಧಾನ ಚೆನ್ನಾಗಿಯೇ ನಡೆಯಿತು.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಕೆಲವು ದಿನ ಕಾದಾಟ ನಡೆಯಿತು. ನಮ್ಮ ಊರಿಗೂ ಗಡಿಗೂ ಇರುವ ದೂರ ಎಲ್ಲರಿಗೂ ಗೊತ್ತಿದ್ದರೂ ನಾವೆಲ್ಲ ತಯಾರಾಗಿಬಿಟ್ಟೆವು. ಅಮ್ಮಸಂದ್ರದ ಕಡೆ ಸಿಮೆಂಟ್ ಫ್ಯಾಕ್ಟರಿ ಇರುವುದರಿಂದ ವೈರಿಯ ಕಣ್ಣು ಮೊದಲು ನಮ್ಮ ತಾಲ್ಲೂಕಿನ ಮೇಲೇ ಬೀಳುತ್ತದೆ ಎಂದು ಹೋಟೆಲಿನಲ್ಲಿ ಒಬ್ಬರು ಲೆಕ್ಕ ಹಾಕಿ ಹೇಳಿದರು. ದೀಪ ಆರಿಸಿ ಎಂದು ಮೊಬೈಲಿಗೆ ಯಾರೋ ಸಂದೇಶ ಕಳಿಸಿದಾಗ ಊರಲ್ಲಿ ಕರೆಂಟೇ ಇರಲಿಲ್ಲ. ನಾವು ಆಗಲೇ ಆಜ್ಞೆ ಪಾಲಿಸಿದ್ದೆವು. ಇನ್ನೇನು ಮಾಡುವುದೆಂದು ಯೋಚಿಸುವಷ್ಟರಲ್ಲಿ ಗುಂಡಿನ ಸದ್ದು ನಿಂತಿತು ಎಂದು ಟಿವಿಯಲ್ಲಿ ಬಂತು. ನಮ್ಮ ಉತ್ಸಾಹ ಮಾತ್ರ ನಿಲ್ಲಲಿಲ್ಲ.

ತಿಪಟೂರಿನಲ್ಲಿ ಸೈನಿಕರಿಗೆ ಸನ್ಮಾನವಾಯಿತು, ಚಿಕ್ಕನಾಯಕನಹಳ್ಳಿಯಲ್ಲೂ ಆಯಿತು ಎಂದು ಸುದ್ದಿ ಬಂದಾಗ ನಮ್ಮ ಬಡಾವಣೆಯ ಗೆಳೆಯರ ಕೂಟಕ್ಕೆ ತಡೆಯಲಾಗಲಿಲ್ಲ. ಕೂಟದ ಅಧ್ಯಕ್ಷರು ಕೊಬ್ಬರಿ ಮಂಡಿಯವರು. ಬೆಳಿಗ್ಗೆಯೇ ಬಂದು ಜಗುಲಿಯಲ್ಲಿ ಕುಳಿತರು.

"ಮೇಷ್ಟ್ರೇ, ನಮ್ಮೂರಲ್ಲೂ ಒಂದು ಮಾಡ್ಬೇಕಲ್ಲ."

"ಮಾಡೋಣ. ಸೈನಿಕರು ಯಾರಿದ್ದಾರೆ?"

"ಅದೇ ಸಮಸ್ಯೆ ಕಣ್ರೀ. ಇರೋ ಇಬ್ರು ಹುಡುಗ್ರು ರಜ ಕ್ಯಾನ್ಸಲ್ ಆಗಿ ವಾಪಸ್ ಹೋದ್ರು. ನಿಮ್ಮ ಪಕ್ಕದ ಮನೆ ಮಿಲ್ಟ್ರಿಯೋರು ಇದಾರಲ್ಲ, ಅವರಿಗೇ ಮಾಡ್ಬುಡಾಣ. ಹಳೇ ಯುದ್ಧ ಆದ್ರೂ ಯುದ್ಧ ಯುದ್ಧವೇ."

ನಮ್ಮ ಮನೆಯ ಪಕ್ಕದ ಸೈಟು ದಾಟಿದರೆ ಅವರ ಮನೆ. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷವಿದ್ದು ಬಂದು, ಊರ ಹೊರಗೆ ಸ್ವಲ್ಪ ತೆಂಗಿನ ತೋಟ, ಮನೆಯ ಹಿಂದೆ ಎರಡು ಹಸು ಇಟ್ಟುಕೊಂಡಿದ್ದರು. ಎಲ್ಲರಿಗೂ ಅವರು ಮಿಲ್ಟ್ರಿಯವರು. ಮಾತು ಕಡಿಮೆ. ಎದುರು ಸಿಕ್ಕರೆ "ನಮಸ್ಕಾರ ಮೇಷ್ಟ್ರೇ" ಎನ್ನುವರು, ನಾನೂ ನಮಸ್ಕಾರ ಎನ್ನುವೆ. ಹದಿನೈದು ವರ್ಷ ಈ ನಮಸ್ಕಾರದ ಮೇಲೆಯೇ ನಮ್ಮ ಸ್ನೇಹ ನಿಂತಿತ್ತು. ಸೈನ್ಯದಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ನಾನು ಒಂದು ದಿನವೂ ಕೇಳಿದವನಲ್ಲ. ಸೈನ್ಯದಲ್ಲಿ ಇನ್ನೇನು ಮಾಡುತ್ತಾರೆ, ಯುದ್ಧ ಮಾಡುತ್ತಾರೆ ಎಂದುಕೊಂಡಿದ್ದೆ.

ಬರೆಯುವ ಮೊದಲು ಮಾಹಿತಿ ಬೇಕಲ್ಲ ಎಂದು ಅವರ ಮನೆಯ ಹಿತ್ತಿಲಿಗೆ ಹೋದೆ. ಅವರು ಹಸುವಿನ ಮೈ ತೊಳೆಯುತ್ತಿದ್ದರು.

"ಆ ಬೆಟ್ಟದ ಮೇಲಿನ ಯುದ್ಧ ಆಯ್ತಲ್ಲ, ಇಪ್ಪತ್ತೈದು ವರ್ಷದ ಹಿಂದೆ, ಆಗ ನೀವು ಎಲ್ಲಿದ್ದಿರಿ?" ಎಂದೆ.

"ಅಲ್ಲೇ ಇದ್ದೆ ಮೇಷ್ಟ್ರೇ. ಮೇಲ್ಗಡೆ."

"ತುಂಬ ಕಷ್ಟ ಇತ್ತಾ?"

ಅವರು ಹಸುವಿನ ಬೆನ್ನಿಗೆ ನೀರು ಹೊಯ್ದು ಸ್ವಲ್ಪ ಯೋಚಿಸಿದರು. "ಹೊತ್ಕೊಂಡು ಹೋಗೋದೇ ಕಷ್ಟ. ಕಾಲು ಜಾರೋದು. ಮಂಜು."

ಅಷ್ಟರಲ್ಲಿ ಹಸು ಬಾಲ ಬೀಸಿ ನನ್ನ ಬಿಳಿ ಅಂಗಿಯ ಮೇಲೆ ನೀರು ಎರಚಿತು. ನಾನು ಸಾಕು ಎಂದು ಬಂದುಬಿಟ್ಟೆ. ಏನು ಹೊತ್ತುಕೊಂಡು ಹೋಗುತ್ತಿದ್ದರು ಎಂದು ಕೇಳಲಿಲ್ಲ. ಮಂಜು, ಜಾರುವ ಕಾಲು, ಹೆಗಲ ಮೇಲೆ ಭಾರ, ಇಷ್ಟು ಸಿಕ್ಕ ಮೇಲೆ ನನ್ನಂಥವನಿಗೆ ಇನ್ನೇನು ಬೇಕು? ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಬಿನ್ನವತ್ತಳೆ ಮುಗಿದಿತ್ತು. ಅದರ ನಡುವೆ ಈ ಮಾತಿತ್ತು: "ಹಿಮದ ಇಳಿಜಾರಿನಲ್ಲಿ ಗಾಯಗೊಂಡು ಬಿದ್ದಿದ್ದ ನಮ್ಮ ಜಿಲ್ಲೆಯವನೇ ಆದ ತರುಣ ಯೋಧನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಾವು ನಡೆದಿರಿ. ತಮ್ಮ ತೋಳಿನಲ್ಲಿಯೇ ಆತ ತಾಯಿಯನ್ನು ಕರೆಯುತ್ತ ಕಣ್ಣು ಮುಚ್ಚಿದನು." ಮೊದಲು ಬರೆದಾಗ "ತರುಣ ಯೋಧನೊಬ್ಬನನ್ನು" ಎಂದಷ್ಟೇ ಇತ್ತು. ಎರಡನೆಯ ಸಲ ಓದುವಾಗ ಕೇಳುವವರ ಮನಸ್ಸಿಗೆ ಹತ್ತಿರವಾಗಲಿ ಎಂದು "ನಮ್ಮ ಜಿಲ್ಲೆಯವನೇ ಆದ" ಎಂಬುದನ್ನು ಸೇರಿಸಿದೆ. ಆ ಮೂರು ಪದ ಸೇರಿಸಿದಾಗ ನನಗಾದ ಸಂತೋಷ ಈಗಲೂ ನೆನಪಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನನ್ನ ಕಣ್ಣಿನಲ್ಲಿ ನೀರು ಬಂದಿತ್ತು.

ಸಮುದಾಯ ಭವನದಲ್ಲಿ ಭಾನುವಾರ ಬೆಳಿಗ್ಗೆ ಕಾರ್ಯಕ್ರಮ. ಅಧ್ಯಕ್ಷರು ಹೂವಿನ ಹಾರ ಎಲ್ಲರೂ ಹಾಕುತ್ತಾರೆ ಎಂದು ಕೊಬ್ಬರಿಯ ಹಾರ ಮಾಡಿಸಿ ತಂದಿದ್ದರು. ದಪ್ಪ ದಪ್ಪ ಕೊಬ್ಬರಿ ಗಿಟಕುಗಳನ್ನು ಗೋಣಿ ದಾರದಲ್ಲಿ ಪೋಣಿಸಿದ್ದ ಆ ಹಾರವನ್ನು ಇಬ್ಬರು ಎತ್ತಿ ಹಾಕಬೇಕಾಯಿತು. ಕುತ್ತಿಗೆಗೆ ಬಿದ್ದೊಡನೆ ಮಿಲ್ಟ್ರಿಯವರು ಮುಂದಕ್ಕೆ ಬಾಗಿದರು. ನೆಟ್ಟಗೆ ನಿಲ್ಲುವುದೇ ಅಭ್ಯಾಸವಾಗಿದ್ದ ಮನುಷ್ಯ ಇಡೀ ಕಾರ್ಯಕ್ರಮದಲ್ಲಿ ಏನೋ ಕಳೆದುಕೊಂಡು ಹುಡುಕುವವರಂತೆ ನೆಲ ನೋಡುತ್ತ ಕುಳಿತಿದ್ದರು.

ನಾನು ಬಿನ್ನವತ್ತಳೆ ಓದಿದೆ. "ತಾಯಿಯನ್ನು ಕರೆಯುತ್ತ" ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ. ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಮಿಲ್ಟ್ರಿಯವರು ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಕೃತಜ್ಞತೆ ಎಂದುಕೊಂಡೆ.

ಅವರಿಗೆ ಮೈಕು ಕೊಟ್ಟಾಗ ಎರಡು ಮಾತನಾಡಿದರು.

"ಎಲ್ಲರಿಗೂ ನಮಸ್ಕಾರ. ಮೇಷ್ಟ್ರು ಜಾಸ್ತಿ ಬರ್ದವ್ರೆ. ನಾನು ಅಂಥದೇನೂ ಮಾಡಿಲ್ಲ. ನಾನು ಇದ್ದಿದ್ದು ಅಡುಗೆ ಮನೇಲಿ..."

ಅಷ್ಟಕ್ಕೇ ಚಪ್ಪಾಳೆ ಬಿತ್ತು. ಅಧ್ಯಕ್ಷರು ಎದ್ದು ಇನ್ನೊಂದು ಮೈಕು ಹಿಡಿದು, "ನೋಡಿದ್ರಾ! ಇದೇ ನಿಜವಾದ ವಿನಯ ಅನ್ನೋದು!" ಎಂದರು. ಮಿಲ್ಟ್ರಿಯವರು "ಅಲ್ಲ ಸ್ವಾಮಿ, ನಿಜವಾಗ್ಲೂ ಅಡುಗೆ..." ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಮೊದಲು ಚಪ್ಪಾಳೆ ಶುರು ಮಾಡಿದ್ದು ನಾನೇ.

ಮನೆಗೆ ಬಂದು ಉಪ್ಪಿಟ್ಟು ತಿನ್ನುತ್ತ ನನ್ನ ಹೆಂಡತಿಗೆ ಹೇಳಿದೆ, "ಎಂಥ ವಿನಯ ನೋಡು ಆ ಮನುಷ್ಯನದು. ಅಡುಗೆ ಮನೇಲಿದ್ದೆ ಅಂತಾರಲ್ಲ."

"ಅವರು ಅಡುಗೆ ಮನೇಲೇ ಇದ್ದದ್ದು" ಎಂದಳು.

"ಯಾರು ಹೇಳಿದ್ದು?"

"ಅವರ ಹೆಂಡ್ತಿ. ನಾವು ಈ ಮನೆಗೆ ಬಂದ ವರ್ಷವೇ ಹೇಳಿದ್ರು. ಇನ್ನೂರು ಜನಕ್ಕೆ ಅಡುಗೆ ಮಾಡ್ತಿದ್ರಂತೆ. ಅದಕ್ಕೇ ಅವರನ್ನ ಮನೇಲಿ ಒಲೆ ಹತ್ರ ಬಿಡಲ್ಲ, ಉಪ್ಪಿಟ್ಟು ಮಾಡಿ ಅಂದ್ರೆ ಬೀದಿಗೆಲ್ಲ ಆಗೋಷ್ಟು ಮಾಡ್ತಾರಂತೆ."

"ಮೊದಲೇ ಹೇಳ್ಬಾರದಾ ನನಗೆ?"

"ನೀವು ಕೇಳಿದ್ರಾ?" ಎಂದು ತಟ್ಟೆ ತೆಗೆದುಕೊಂಡು ಹೋದಳು.

ಅಂದು ಸಂಜೆಯೇ ಅವರ ಮನೆಗೆ ಹೋಗಿ ವಿಚಾರಿಸಿದೆ. "ಹೂಂ ಮೇಷ್ಟ್ರೇ, ನಿಜ. ನಾನು ಕುಕ್ಕು" ಎಂದರು. ಹೊತ್ತುಕೊಂಡು ಹೋಗುವುದು ಕಷ್ಟ ಎಂದಿರಲ್ಲ ಎಂದೆ. "ಪೂರಿ ಮೂಟೆ. ಹೇಸರಗತ್ತೆ ಹತ್ತದ ಕಡೆ ನಾವೇ ಹೊರ್ಬೇಕಿತ್ತು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಮಾತು ಮಾತ್ರ ಕೇಳಿದರು: "ಆ ಹುಡುಗನ ವಿಷ್ಯ, ತಾಯಿನ ಕರೆದ ಅಂತೆಲ್ಲ, ಅದು ನಿಮ್ಗೆ ಯಾರು ಹೇಳುದ್ರು?" ನಾನು ಕೆಮ್ಮಿದೆ. "ಅದೊಂದು ಅಲಂಕಾರ" ಎಂದೆ. ಅವರು "ಓ" ಎಂದರು. ಕಟ್ಟು ಹಾಕಿಸಿದ ಬಿನ್ನವತ್ತಳೆ ಅವರ ಮನೆಯ ಗೋಡೆಗೆ ಒರಗಿಕೊಂಡಿತ್ತು. ಅದನ್ನು ತಿರುಗಿಸಿ ಇಟ್ಟಿದ್ದರು, ಅಕ್ಷರ ಗೋಡೆಯ ಕಡೆಗೆ.

ಅಂದೇ ನಾನು ತಪ್ಪು ಸರಿಮಾಡಬಹುದಾಗಿತ್ತು. ಮಾಡಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಬಿನ್ನವತ್ತಳೆಯ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿತ್ತು. ನನ್ನ ಹಳೆಯ ವಿದ್ಯಾರ್ಥಿಗಳು ಕೈಮುಗಿಯುವ ಚಿತ್ರಗಳನ್ನು ಕಳಿಸುತ್ತಿದ್ದರು. ಎರಡು ದಿನ ಬಿಟ್ಟು ಸ್ಥಳೀಯ ಪತ್ರಿಕೆಯೊಂದರಲ್ಲಿ ಪೂರ್ತಿಯಾಗಿ ಅಚ್ಚಾಯಿತು, ಕೆಳಗೆ ನನ್ನ ಹೆಸರಿನೊಡನೆ. ಇಂಥ ಹೊತ್ತಿನಲ್ಲಿ ಎದ್ದು ನಿಂತು, ಇವರು ಪೂರಿ ಕರಿಯುತ್ತಿದ್ದರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಯಾರಿಗೂ ತೊಂದರೆಯಿಲ್ಲವಲ್ಲ ಎಂದುಕೊಂಡೆ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮಿಲ್ಟ್ರಿಯವರ ಹೆಂಡತಿ ನಮ್ಮ ಗೇಟಿನ ಹತ್ತಿರ ಬಂದು ಕರೆದರು. "ಮೇಷ್ಟ್ರೇ, ಒಂಚೂರು ಬನ್ನಿ. ಯಾರೋ ಬಂದವ್ರೆ. ಇವರು ಡೈರಿಗೆ ಹಾಲು ಹಾಕಕ್ಕೆ ಹೋಗವ್ರೆ. ನೀವು ಬರ್ದಿರೋದನ್ನ ಕೇಳ್ತಾ ಅವ್ರೆ, ನಂಗೆ ಏನ್ ಹೇಳ್ಬೇಕೋ ಗೊತ್ತಾಗಲ್ಲ. ನೀವೇ ಬರ್ದಿದ್ದು, ನೀವೇ ಹೇಳಿ."

ನಡುಮನೆಯ ಕುರ್ಚಿಯ ತುದಿಯಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು ಕುಳಿತಿದ್ದರು. ಒಗೆದು ಇಸ್ತ್ರಿ ಮಾಡಿದ ಸೀರೆ, ಕಾಲಲ್ಲಿ ದಾರಿಯ ಧೂಳು. ಮಾಯಸಂದ್ರದ ಹತ್ತಿರದ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು. ನನ್ನನ್ನು ನೋಡಿ ಎದ್ದು ನಿಂತರು.

"ನೀವೇನಾ ಸಾರ್ ಇದನ್ನ ಬರ್ದಿರೋದು?" ಎಂದು ಕವರಿನಿಂದ ಪತ್ರಿಕೆಯ ತುಂಡನ್ನು ತೆಗೆದರು. ಅಂಚು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು.

"ಹೌದಮ್ಮಾ."

"ನಮ್ಮಣ್ಣನೂ ಮಿಲ್ಟ್ರಿಲಿದ್ದ ಸಾರ್. ಆ ಯುದ್ಧದಲ್ಲೇ ಹೋದ. ಇಪ್ಪತ್ತಮೂರು ವರ್ಷ ಅವನಿಗೆ. ಪೆಟ್ಟಿಗೆ ಬಂತು, ಎಲ್ಲಾರೂ ಬಂದ್ರು, ಬಂದೂಕ ಹಾರಿಸಿದ್ರು. ಹೆಂಗಾಯ್ತು ಅಂತ ಬುಡಿಸಿ ಹೇಳೋರು ಯಾರೂ ಇರ್ಲಿಲ್ಲ. ನಮ್ಮವ್ವ ಸಾಯೋಗಂಟ ಒಂದೇ ಕೇಳಿದ್ದು. ಒಬ್ನೇ ಇದ್ನಾ, ಜೊತೇಲಿ ಯಾರಾನ ಇದ್ರಾ ಅಂತ. ಇದ್ರಲ್ಲಿ ನಮ್ಮ ಜಿಲ್ಲೆ ಹುಡುಗ ಅಂತ ಐತಲ್ಲ ಸಾರ್. ಅದು ನಮ್ಮಣ್ಣನೇ ಇರ್ಬೋದಾ?"

ನಾನು ಏನು ಹೇಳಬೇಕಿತ್ತು ಎನ್ನುವುದು ನನಗೆ ಆಗಲೂ ಗೊತ್ತಿತ್ತು. ಇಲ್ಲಮ್ಮ, ಅದು ನಾನು ಕಟ್ಟಿದ್ದು, ತಪ್ಪಾಯ್ತು, ಇಷ್ಟೇ. ಮಿಲ್ಟ್ರಿಯವರ ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಆದರೆ ಎದುರಿಗಿದ್ದ ಹೆಂಗಸಿನ ಮುಖದಲ್ಲಿ ಅಂಥ ಆಸೆಯಿತ್ತು. ಅದಕ್ಕೆ ಮರುಗಿ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಅಚ್ಚಾದ ಮಾತನ್ನು ಸುಳ್ಳೆಂದು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಂದು ಸುಳ್ಳು ಹೇಳುವುದು ನನಗೆ ಸುಲಭವಾಗಿತ್ತು.

"ಇರಬಹುದಮ್ಮಾ. ಒಬ್ಬರೇ ಇರಲಿಲ್ಲ. ಇವರು ಜೊತೆಯಲ್ಲಿದ್ದರು" ಎಂದೆ.

ಅವರು ಕುರ್ಚಿಯಲ್ಲಿ ಕುಸಿದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. "ಅವ್ವ ಇದ್ದಿದ್ರೆ" ಎಂದರು. ಮತ್ತೆ ಮತ್ತೆ ಅದನ್ನೇ ಅಂದರು. ನಾನು ನೀರು ತಂದುಕೊಟ್ಟೆ. ದೊಡ್ಡ ಉಪಕಾರ ಮಾಡಿದವನಂತೆ ಪಕ್ಕದಲ್ಲಿ ನಿಂತೆ.

ಅಷ್ಟರಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡು ಮಿಲ್ಟ್ರಿಯವರು ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಆ ಹೆಂಗಸು ಓಡಿಹೋಗಿ ಕಾಲಿಗೆ ಬಿದ್ದರು. "ನಮ್ಮಣ್ಣನ್ನ ಹೊತ್ಕೊಂಡ್ರಂತಲ್ಲಣ್ಣ, ನಮ್ಮಣ್ಣನ್ನ ಹೊತ್ಕೊಂಡ್ರಂತಲ್ಲ" ಎಂದು ಪಾದ ಹಿಡಿದುಕೊಂಡರು.

ಮಿಲ್ಟ್ರಿಯವರು ಕ್ಯಾನು ಕೆಳಗಿಟ್ಟರು. ಪತ್ರಿಕೆಯ ತುಂಡು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟೋ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನಿಂತಾಗ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು.

"ಏಳಮ್ಮ, ಮೇಲೇಳು" ಎಂದು ಅವರನ್ನು ಎಬ್ಬಿಸಿ ಕೂರಿಸಿ, ತಾವು ಎದುರಿಗೆ ನೆಲದ ಮೇಲೆ ಕುಳಿತರು. "ನಿಮ್ಮಣ್ಣ ಯಾವ ಪಲ್ಟನ್ನು?"

ಅವರು ಕವರಿನಿಂದ ಒಂದು ಹಳೆಯ ಕಾಗದ ತೆಗೆದುಕೊಟ್ಟರು. ಮಿಲ್ಟ್ರಿಯವರು ಮೇಲಿದ್ದ ವಿಳಾಸ ನೋಡಿ ತಲೆಯಾಡಿಸಿದರು.

"ಇವರು ನಮ್ಮ ಕಡೆಯವರಲ್ಲಮ್ಮ. ನಮ್ಮಿಂದಾಚೆಗೆ, ಎರಡು ಬೆಟ್ಟ ದಾಟಿ ಇದ್ರು. ನಾನು ನಿಮ್ಮಣ್ಣನ್ನ ನೋಡಿಲ್ಲ. ಗೊತ್ತಿಲ್ಲದ್ದನ್ನ ಹೇಳಕಾಗಲ್ಲ."

"ಹಂಗಾದ್ರೆ ನೀವು ಹೊತ್ಕೊಂಡಿದ್ದು ಯಾರನ್ನ?"

"ಯಾರನ್ನೂ ಇಲ್ಲ. ನಾನು ಅಡುಗೆಯೋನು. ಹೊತ್ತಿದ್ದು ಪೂರಿ ಮೂಟೆನ."

ಅವರು ಅಳು ನಿಲ್ಲಿಸಿದರು. ಪತ್ರಿಕೆಯ ತುಂಡನ್ನು ಮಡಿಸಿದರು, ಬಿಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವ್ಯಾಕೆ ಹಂಗಂದ್ರಿ ಸಾರ್ ಮತ್ತೆ? ಈಗ ತಾನೆ ಅಂದ್ರಲ್ಲ."

ಬಯ್ಯಲಿಲ್ಲ. ತಿಳಿದುಕೊಳ್ಳಲು ಕೇಳಿದರು. "ತಪ್ಪಾಯ್ತಮ್ಮ. ಅದನ್ನ ನಾನೇ ಕಟ್ಟಿ ಬರೆದೆ" ಎಂದೆ. ಇಷ್ಟು ಹೇಳುವಷ್ಟರಲ್ಲಿ ಬೆವರಿಬಿಟ್ಟಿದ್ದೆ. ಅವರು ಪತ್ರಿಕೆಯ ತುಂಡನ್ನು ಕವರಿನೊಳಗೆ ತುರುಕಿ, ನನ್ನಿಂದ ಮುಖ ತಿರುಗಿಸಿಕೊಂಡರು.

ಎದ್ದು ಹೋಗಬೇಕೆಂದು ನನಗೆ ಅನ್ನಿಸುತ್ತಿತ್ತು. ಆದರೆ ಬಾಗಿಲಿನ ದಾರಿಯಲ್ಲೇ ಅವರಿಬ್ಬರೂ ಕುಳಿತಿದ್ದರಿಂದ ಹೋಗಲು ಜಾಗವಿರಲಿಲ್ಲ.

ಮಿಲ್ಟ್ರಿಯವರು ಕೈಯಲ್ಲಿದ್ದ ಕಾಗದ ತೋರಿಸಿ ಓದಬಹುದಾ ಎಂದು ಕೇಳಿದರು. ಅವರು ಹೂಂ ಎಂದ ಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಅವ್ವನಿಗೆ ನಮಸ್ಕಾರ, ಎಮ್ಮೆ ಕರು ಹಾಕಿತೇ, ತಂಗಿ ಶಾಲೆಗೆ ಹೋಗುತ್ತಾಳೋ ಕಳ್ಳ ಬೀಳುತ್ತಾಳೋ, ಇಂಥವೇ. ಆಮೇಲೆ ಹೀಗಿತ್ತು: "ಇಲ್ಲಿ ಮುದ್ದೆ ಇಲ್ಲ. ದಿನಾ ಪೂರಿ. ಪೂರಿ ತಣ್ಣಗಾದರೆ ಎಮ್ಮೆ ಚರ್ಮ ಆಗುತ್ತೆ. ಅಡುಗೆ ಮಾಡೋನು ನನ್ನ ಕೈಗೆ ಸಿಕ್ಕಿದರೆ ಅವನ ಪೂರೀಲೇ ಅವನಿಗೆ ಚಪ್ಪಲಿ ಹೊಲಿಸಿ ಕೊಡ್ತೀನಿ."

ಓದುತ್ತಿದ್ದವರು ಅಲ್ಲಿ ನಿಂತರು. ಇನ್ನೊಮ್ಮೆ ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಾನು ಆ ಮನುಷ್ಯ ನಕ್ಕಿದ್ದನ್ನು ಅಂದೇ ನೋಡಿದ್ದು.

"ನಿಜ ಕಣಮ್ಮ" ಎಂದರು. "ಚರ್ಮನೇ ಅದು. ಎಲ್ಲಾ ಹುಡುಗ್ರೂ ನಂಗೂ ಇದನ್ನೇ ಅಂತಿದ್ರು. ಅವರ ಕುಕ್ಕು ನಾನಲ್ಲ, ಆದ್ರೆ ನಾವೆಲ್ಲಾ ಒಂದೇ ಥರ ಮಾಡ್ತಿದ್ವಿ. ಅನ್ನ ಮೇಲಕ್ಕೆ ಹೋಗೋದ್ರಲ್ಲಿ ಕಲ್ಲಾಗೋದು. ಪೂರಿ ಕೆಡಲ್ಲ, ಜೇಬಲ್ಲಿ ಹಾಕ್ಕೋಬೋದು, ನಡೀತಾ ನಡೀತಾ ತಿನ್ಬೋದು. ಅದಕ್ಕೇ."

ಆ ಹೆಂಗಸಿಗೂ ನಗು ಬಂದುಬಿಟ್ಟಿತು, ಕಣ್ಣು ಒದ್ದೆಯಿದ್ದಂತೆಯೇ. "ಅವ್ನು ಹಂಗೇ ಕಣಣ್ಣ. ಊಟದ ವಿಷ್ಯದಲ್ಲಿ ಬಲು ತಕರಾರು. ಅವ್ವ ಮಾಡಿದ ಸಾರಿಗೂ ಹೆಸರಿಡೋನು" ಎಂದರು.

ಅಲ್ಲಿಂದ ಅವರು ಕೇಳುವುದು, ಇವರು ಹೇಳುವುದು ಶುರುವಾಯಿತು. ಬೆಳಿಗ್ಗೆ ಏನು ಕೊಡುತ್ತಿದ್ದಿರಿ? ಟೀ, ಬಿಸಿಯಾಗಿ, ಸಕ್ಕರೆ ಜಾಸ್ತಿ. ಮೇಲೆ ಹತ್ತುವವರಿಗೆ? ಪೂರಿ, ಬೆಲ್ಲ, ಉಪ್ಪಿನಕಾಯಿ, ನಮ್ಮ ಶಂಕರಪೋಳಿಯಂಥ ಒಂದು ಸಿಹಿ. ಸಾಕಾಗುತ್ತಿತ್ತಾ? ಸಾಕಾಗುತ್ತಿತ್ತು, ಆದರೆ ಕೆಲವು ಹುಡುಗರು ಅರ್ಧ ಉಳಿಸಿ ಪಕ್ಕದವನ ಜೇಬಿಗೆ ಹಾಕುತ್ತಿದ್ದರು. ಸ್ನಾನ? ಸ್ನಾನ ಎಲ್ಲಿಯದು. ಚಳಿ ಹೇಗೆ? ಎಣ್ಣೆ ಡಬ್ಬದಲ್ಲಿ ಗಟ್ಟಿಯಾಗಿ, ಚಾಕುವಿನಲ್ಲಿ ಕತ್ತರಿಸಿ ಬಾಣಲೆಗೆ ಹಾಕಬೇಕಿತ್ತು. ಯಾವ ಪ್ರಶ್ನೆಗೂ ಅವರು ಒಂದು ಮಾತು ಹೆಚ್ಚು ಹೇಳಲಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲಮ್ಮ ಎಂದರು. ಆ ಹೆಂಗಸು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಬಿನ್ನವತ್ತಳೆಯನ್ನು ಯಾರೂ ಆ ರೀತಿ ಕೇಳಿರಲಿಲ್ಲ.

ಕೊನೆಗೆ ಮಿಲ್ಟ್ರಿಯವರು ಎದ್ದು ಅಡುಗೆ ಮನೆಗೆ ನಡೆದರು. ಹೆಂಡತಿ "ಬ್ಯಾಡ ಕಣ್ರೀ" ಎನ್ನುವುದರೊಳಗೆ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದ್ದರು. ಅರ್ಧ ಗಂಟೆಯಲ್ಲಿ ಪೂರಿಯ ಗುಡ್ಡೆ ಬಿತ್ತು. ನಾವು ನಾಲ್ಕು ಜನ, ಪೂರಿ ಐವತ್ತರ ಮೇಲಿತ್ತು. ಬಿಸಿಯಾಗಿ ತಿನ್ನಲು ಬಿಡಲಿಲ್ಲ. ಹಿತ್ತಿಲ ಕಿಟಕಿಯ ಹತ್ತಿರ ಹರಡಿ, ಗಾಳಿಗೆ ತಣ್ಣಗಾದ ಮೇಲೆ ಒಂದನ್ನು ಆ ಹೆಂಗಸಿನ ಕೈಗೆ ಕೊಟ್ಟರು. ಅವರು ಹಲ್ಲಿನಲ್ಲಿ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು.

"ಅಯ್ಯಯ್ಯೋ, ಎಮ್ಮೆ ಚರ್ಮನೇ ಕಣಣ್ಣ!" ಎಂದರು.

ಆದರೂ ಪೂರ್ತಿ ತಿಂದರು. ಹೋಗುವಾಗ ಎಂಟು ಪೂರಿಯನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡರು, ಮಕ್ಕಳಿಗೆ ತೋರಿಸಬೇಕು ಎಂದು. ಮಿಲ್ಟ್ರಿಯವರು ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದರು. ನನಗೂ ಒಂದು ಪೂರಿ ಕೊಟ್ಟಿದ್ದರು. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಅಂದು ಮಧ್ಯಾಹ್ನವೇ ಮಂಡಿಗೆ ಹೋಗಿ ಅಧ್ಯಕ್ಷರಿಗೆ ಎಲ್ಲ ಹೇಳಿದೆ. ಒಂದು ಸಭೆ ಕರೆಯಿರಿ, ನಾನು ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಅವರು ಕೊಬ್ಬರಿಯ ರಾಶಿಯ ಮೇಲಿಂದ ಒಂದು ಉಂಡೆ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ, "ಬುಡಿ ಮೇಷ್ಟ್ರೇ, ಮುಗ್ದೋಯ್ತು. ಜನ ಮರ್ತವ್ರೆ. ನೀವ್ಯಾಕೆ ನೆಪ್ಪಿಸ್ತೀರಿ?" ಎಂದರು.

ಅವರ ಮಾತು ಕೇಳಬೇಕಿತ್ತು. ಕೇಳದೆ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ನಾನು ಬರೆದದ್ದು ಒಂದು ಪುಟ. ಅದರಲ್ಲೂ ಅಲಂಕಾರಗಳಿದ್ದವು ಎನ್ನುವುದನ್ನು ಮುಚ್ಚಿಡುವುದಿಲ್ಲ. ಪತ್ರಿಕೆಯವರು ಅಚ್ಚು ಹಾಕಿದ್ದು ಎರಡು ಸಾಲು: "ಈ ಹಿಂದೆ ಸನ್ಮಾನಿತರಾದವರು ಯೋಧರಲ್ಲ, ಅಡುಗೆಯವರು ಎಂದು ತಿಳಿದುಬಂದಿದೆ."

ಅದು ಅಚ್ಚಾದ ದಿನ ಬೆಳಿಗ್ಗೆ ಏಳಕ್ಕೆ ಮಿಲ್ಟ್ರಿಯವರ ಹೆಂಡತಿ ಗೇಟಿನ ಹತ್ತಿರ ನಿಂತಿದ್ದರು. ಈ ಸಲ ಕರೆಯಲು ಬಂದವರಲ್ಲ.

"ಮೇಷ್ಟ್ರೇ, ಇಪ್ಪತ್ನಾಲ್ಕು ವರ್ಷ ಮಂಜಲ್ಲಿ ಬಿಸ್ಲಲ್ಲಿ ಸವೆದವ್ರೆ. ಮಕ್ಕಳು ಹುಟ್ಟಿದ್ದು ಕಾಗದದಲ್ಲಿ ಓದವ್ರೆ. ಅಡುಗೆ ಮಾಡಿದ್ರೆ ಯೋಧರಲ್ವಾ? ನೀವು ಮೊದ್ಲು ಏರ್ಸಿದ್ರಿ, ಈಗ ಇಳಿಸಿದ್ರಿ. ಅವ್ರು ಇದ್ದಲ್ಲೇ ಇದ್ರಲ್ಲ, ಅಲ್ಲೇ ಬುಡಕ್ಕಾಗ್ಲಿಲ್ವಾ ನಿಮ್ಗೆ?"

ನನ್ನ ಹೆಂಡತಿ ಒಳಗಿನಿಂದ ಬಂದು ಅವರ ಕೈ ಹಿಡಿದುಕೊಂಡಳು.

ಮಿಲ್ಟ್ರಿಯವರ ಹತ್ತಿರ ಹೋಗಿ, ಇನ್ನೊಂದು ಬರೆದು ಸರಿಮಾಡುತ್ತೇನೆ ಎಂದೆ. ಅವರು ತೋಟದಲ್ಲಿ ಬಿದ್ದ ತೆಂಗಿನ ಗರಿ ಎಳೆದು ಒಂದು ಕಡೆ ಹಾಕುತ್ತಿದ್ದರು. ಕೈ ಜೋಡಿಸಿದರು. "ಬ್ಯಾಡಿ ಮೇಷ್ಟ್ರೇ. ದಮ್ಮಯ್ಯ. ಇನ್ನೇನೂ ಬರೀಬ್ಯಾಡಿ" ಎಂದರು. ಆಮೇಲೆ ಗರಿಯ ಒಂದು ತುದಿ ನನ್ನ ಕಡೆ ನೂಕಿ, "ಅತ್ಲಾಗೆ ಹಿಡ್ಕಳಿ" ಎಂದರು. ಆ ಬೆಳಿಗ್ಗೆಯೆಲ್ಲ ಇಬ್ಬರೂ ಗರಿ ಎಳೆದೆವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು.

ಕ್ಷಮೆ ಕೇಳಬೇಕಾದವರು ಇನ್ನೊಬ್ಬರಿದ್ದರು. ಮುಂದಿನ ವಾರ ಮಾಯಸಂದ್ರದ ಬಸ್ಸು ಹತ್ತಿದೆ. ಇಳಿದು ಕೇಳಿಕೊಂಡು ಒಂದು ಮೈಲಿ ನಡೆದು ಅವರ ಮನೆ ಸೇರಿದೆ. ಅವರು ಅಂಗಳದಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಚಾಪೆ ಹಾಕಿದರು, ಮಜ್ಜಿಗೆ ಕೊಟ್ಟರು. ದಾರಿಯುದ್ದಕ್ಕೂ ನಾನು ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಚೆನ್ನಾಗಿ ಬಂದಿದ್ದವು ಕೂಡ. ಅದಕ್ಕೇ ಯಾವುದನ್ನೂ ಹೇಳಲು ಮನಸ್ಸಾಗದೆ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ.

"ಬಂದಿದ್ದು ಒಳ್ಳೇದಾಯ್ತು ಬುಡಿ" ಎಂದು ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ತುಂಬ ಕಾಗದಗಳಿದ್ದವು. "ಇವೆಲ್ಲಾ ನಮ್ಮಣ್ಣಂದು. ನಂಗೆ ಕಣ್ಣು ಮಂಜು, ಮಕ್ಕಳಿಗೆ ಅವನ ಅಕ್ಷರ ಬರಲ್ಲ. ನೀವು ಮೇಷ್ಟ್ರು, ಎಂಥ ಅಕ್ಷರನಾದ್ರೂ ಓದ್ತೀರಿ. ಒಂದೊಂದಾಗಿ ಓದಿ."

ನಾನು ಮೊದಲನೆಯದನ್ನು ಬಿಚ್ಚಿದೆ. ಅವರು ಅಲಸಂದೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ನನ್ನ ಎದುರಿಗೆ ಸರಿದು ಕುಳಿತರು.

"ಬರ್ದಿರೋದಷ್ಟೇ ಓದಿ ಸಾರ್" ಎಂದರು. "ಏನೂ ಸೇರಿಸ್ಬ್ಯಾಡಿ."

ಹುಡುಗನಿಗೆ ಅಲ್ಪಪ್ರಾಣ ಮಹಾಪ್ರಾಣ ತಿಳಿಯುತ್ತಿರಲಿಲ್ಲ. ಸಾಲಿಗೆ ಎರಡು ತಪ್ಪು. ನಾನು ಒಂದನ್ನೂ ತಿದ್ದದೆ, ಇದ್ದದ್ದನ್ನು ಇದ್ದಂತೆಯೇ ಓದಿದೆ. ನಾಲ್ಕು ಗಂಟೆಯ ಬಸ್ಸಿನ ಹೊತ್ತಿಗೆ ಒಂಬತ್ತು ಕಾಗದ ಮುಗಿದಿದ್ದವು. ಮಿಕ್ಕವನ್ನು ಬರುವ ಮಂಗಳವಾರ ಓದಬೇಕೆಂದು ಹೇಳಿ, ಅವರು ಪೆಟ್ಟಿಗೆಯ ಮುಚ್ಚಳ ಹಾಕಿದರು.